ಹಗ್ಗದಲ್ಲಿ ಪಚ್ಚಿಲೆ, ಹಿನ್ನೀರಿಗೆ ಕಾವಲು!

ತೊಕ್ಕೊಟ್ಟಿನಿಂದ ನೇತ್ರಾವತಿ ಸೇತುವೆಯತ್ತ ಹೋಗುವಾಗ ಇಳಿತದ ಹೊತ್ತಲ್ಲಿ ಮರುವಾಯಿ ಹೆಕ್ಕುವವರು ಕಾಣಸಿಗುವುದುಂಟು. ಮರಳು ತೆಗೆಯುವ ದೋಣಿಗಳೂ ಉಂಟು. ತಳ ಒಂದೇ, ಕಸುಬು ಎರಡು. ಮರಳು ಹೋದಲ್ಲಿ ಮರುವಾಯಿಗೆ ನೆಲೆಯಿಲ್ಲ. "ಹೊಳೆ ಯಾರದ್ದೂ ಅಲ್ಲ ಮಾರಾಯ್ರೆ, ಹಾಗಾಗಿ ಎಲ್ಲರೂ ಗೋರುವುದು" ಎಂದರು ಹೊಳೆಬದಿಯ ಹಿರಿಯರೊಬ್ಬರು.

ಗೋರದೆ ಹೊಳೆಯಲ್ಲೇ ಬೆಳೆ ತೆಗೆಯಲಿಕ್ಕೆ ಆಗುತ್ತದಾ? ಕಾಸರಗೋಡು ಜಿಲ್ಲೆಯ ಪಡನ್ನದಲ್ಲಿ ಆಗಿದೆ. ಚೆರುವತ್ತೂರು ರೈಲು ಸ್ಟೇಷನಿನಿಂದ ಅದು ಹತ್ತಿರ. ಅಲ್ಲಿನ ಕವ್ವಾಯಿ ಹಿನ್ನೀರಿನಲ್ಲಿ 1990ರ ದಶಕದ ನಡುವಿನಿಂದ ಹೆಂಗಸರ ಗುಂಪುಗಳು ಪಚ್ಚಿಲೆ ಕೃಷಿಗೆ ಇಳಿದವು. ಅವರು ಇದಕ್ಕೆ ಕಲ್ಲುಮ್ಮಕ್ಕಾಯ ಎನ್ನುತ್ತಾರೆ. ತಂತ್ರ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯದ್ದು.

ವಿಧಾನ ಸರಳ. ಕಡಲ ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಹರಡಿ, ತೆಳ್ಳಗಿನ ಹತ್ತಿ ಬಲೆಬಟ್ಟೆ ಸುತ್ತಿ ಹೊಲಿಯುವುದು. ನೀರಲ್ಲಿ ಗೂಟ ನೆಟ್ಟು, ಬಿದಿರಿನ ಅಟ್ಟಣೆ ಕಟ್ಟಿ, ಹಗ್ಗಗಳನ್ನು ಇಳಿಬಿಡುವುದು. ಕೆಲವು ದಿನಗಳಲ್ಲಿ ಬಟ್ಟೆ ಕರಗುತ್ತದೆ. ಅಷ್ಟರೊಳಗೆ ಮರಿಗಳು ತಮ್ಮದೇ ನೂಲಿನಿಂದ ಹಗ್ಗಕ್ಕೆ ಅಂಟಿರುತ್ತವೆ. ಮೇವು ಹಾಕಬೇಕಿಲ್ಲ, ಗೊಬ್ಬರವೂ ಬೇಡ. ನೀರು ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನೇ ತಿಂದು ಬೆಳೆಯುತ್ತವೆ.

ಮಳೆ ಬಿಟ್ಟು ನೀರು ಉಪ್ಪಾದ ಮೇಲೆ, ನವೆಂಬರ್-ಡಿಸೆಂಬರಿನಲ್ಲಿ ಬಿತ್ತನೆ. ಮೇ ತಿಂಗಳೊಳಗೆ ಕೊಯ್ಲು ಮುಗಿಯಲೇಬೇಕು. ಸಿಹಿನೀರು ನುಗ್ಗಿತೋ, ಬೆಳೆ ಸತ್ತಂತೆಯೇ! ಹಗ್ಗ ಒತ್ತೊತ್ತಾಗಿ ಕಟ್ಟಿದರೂ ಕಷ್ಟ. ಮೇವು ಸಾಲದೆ ಪಚ್ಚಿಲೆ ಸೊರಗುತ್ತದೆ. ಬಂಡೆಯ ಮರಿಗಳನ್ನು ಪೂರಾ ಕೆರೆದರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ?

ನನಗೆ ಮುಖ್ಯ ಅನಿಸಿದ್ದು ಬೇರೆಯೇ. ನೀರು ಸೋಸುವ ಪ್ರಾಣಿ ಅದರ ಕೊಳೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಚರಂಡಿ ನೀರು ಸೇರಿದರೆ ತಿಂದವರಿಗೆ ಕಾಯಿಲೆ, ಬೆಳೆಗಾರನಿಗೆ ಮಾರುಕಟ್ಟೆ ಇಲ್ಲ. ಐದಾರು ತಿಂಗಳು ನೀರಲ್ಲಿ ದುಡ್ಡು ತೂಗಹಾಕಿದವನು ಮೇಲಿನಿಂದ ಯಾರು ಏನು ಬಿಡುತ್ತಾರೆ ಎಂದು ನೋಡದೆ ಇರುತ್ತಾನಾ? ಫಲಕ ಹಾಕಿದರೆ ಇಂಥ ಕಾವಲು ಬರುವುದಿಲ್ಲ.

ನಮ್ಮಲ್ಲಿ ಮಾಡುವುದಾದರೆ ತೋಡು, ಚರಂಡಿ ಸೇರುವ ಜಾಗ ಬೇಡವೇ ಬೇಡ. ದೋಣಿಯ ದಾರಿಯನ್ನೂ ಬಿಡಬೇಕು. ಕೊಯ್ದ ಪಚ್ಚಿಲೆಯನ್ನು ಒಂದು ದಿನ ಶುದ್ಧ ಉಪ್ಪುನೀರಲ್ಲಿಟ್ಟು ಮಾರುವುದು ಒಳ್ಳೆಯದು. ನೀರು ಸರಕಾರದ್ದು, ಹಾಗಾಗಿ ಅಟ್ಟಣೆ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಿ. ಆ ಸಂಶೋಧನಾ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲೂ ಇದೆ. ಹತ್ತಿಪ್ಪತ್ತು ಹಗ್ಗದಿಂದ ಸುರು ಮಾಡಿದರೆ ಸಾಕು.