ಬಟ್ಟೆ ಹರವುವುದಕ್ಕೂ ವಕೀಲರು ಬೇಕೇ?

ಒಗೆದ ಸೀರೆಯನ್ನು ನಮ್ಮದೇ ಹಿತ್ತಿಲಲ್ಲಿ ಹಗ್ಗಕ್ಕೆ ಹರವಿದ್ದಕ್ಕೆ, "ಹೀಗೆ ಮಾಡಕೂಡದು, ಮಾಡಿದರೆ ದಂಡ" ಎಂದು ನೋಟೀಸು ಬಂದರೆ ನಿಮಗೆ ಹೇಗಾದೀತು ಹೇಳಿ? ಬಿಸಿಲೂ ನಮ್ಮದು, ಹಿತ್ತಿಲೂ ನಮ್ಮದು, ಇದೇನಪ್ಪಾ ಈ ಕಾಟ ಅಂತೀರಲ್ಲವೇ? ಅಮೆರಿಕದಲ್ಲಿ ಇಂಥ ನೋಟೀಸುಗಳು ಬರುವುದುಂಟು. ಅವನ್ನು ಬರೆಯುವುದಕ್ಕೆ, ಅವುಗಳ ವಿರುದ್ಧ ಹೋರಾಡುವುದಕ್ಕೆ ಅಲ್ಲಿ ಬೇರೆಯೇ ಒಂದು ಬಗೆಯ ವಕೀಲರಿದ್ದಾರೆ. ಈಗ ನಮ್ಮ ಸಣ್ಣ ಊರುಗಳಲ್ಲೂ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ಮನೆ ಕೊಳ್ಳುತ್ತಿದ್ದಾರೆ. ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಇದ್ದು ಬರುವ ತಾಯಂದಿರೂ ಕಡಿಮೆಯಿಲ್ಲ. ಹಾಗಾಗಿ ಈ ವಕೀಲರ ವಿಷಯ ನಮಗೂ ತಿಳಿದಿರಲಿ.

ಟೆಕ್ಸಾಸಿನಲ್ಲಿರುವ ನನ್ನ ಅಕ್ಕನ ಮಗಳು ಒಮ್ಮೆ ಫೋನಿನಲ್ಲಿ, "ಚಿಕ್ಕಮ್ಮಾ, ಇಲ್ಲಿ ಮನೆ ಕೊಂಡರೆ ಅದರ ಜೊತೆಗೆ ಒಂದು ದಪ್ಪ ಪುಸ್ತಕವೂ ಬರುತ್ತೆ" ಎಂದಳು. ಆ ಬಡಾವಣೆಯ ನಿಯಮಗಳ ಪುಸ್ತಕ ಅದು. ಮನೆಗೆ ಯಾವ ಬಣ್ಣ ಬಳಿಯಬೇಕು, ಹುಲ್ಲು ಎಷ್ಟು ಎತ್ತರ ಬೆಳೆಯಬಹುದು, ಕಸದ ಡಬ್ಬಿ ಎಲ್ಲಿಡಬೇಕು, ಎಲ್ಲವೂ ಅದರಲ್ಲಿದೆಯಂತೆ. ಮನೆಯ ಪತ್ರಕ್ಕೆ ಸಹಿ ಹಾಕಿದರೆ ಈ ನಿಯಮಗಳಿಗೂ ಒಪ್ಪಿದಂತೆಯೇ. ಇವನ್ನು ನಡೆಸುವುದು ಮನೆ ಒಡೆಯರದೇ ಸಂಘ. ಅಲ್ಲಿಯವರು ಅದನ್ನು ಹೋಂ ಓನರ್ಸ್ ಅಸೋಸಿಯೇಷನ್ ಎನ್ನುತ್ತಾರೆ. ರಸ್ತೆ, ಉದ್ಯಾನ, ಈಜುಕೊಳಗಳನ್ನು ಈ ಸಂಘವೇ ನೋಡಿಕೊಳ್ಳುತ್ತದೆ, ಅದಕ್ಕೆ ಪ್ರತಿ ಮನೆಯಿಂದ ವಂತಿಗೆ ಎತ್ತುತ್ತದೆ. ಅಮೆರಿಕದಲ್ಲಿ ಇಂಥ ಸಂಘಗಳು ಮೂರೂವರೆ ಲಕ್ಷಕ್ಕೂ ಹೆಚ್ಚು, ಅವುಗಳಡಿ ವಾಸಿಸುವವರು 7 ಕೋಟಿಗೂ ಮಿಕ್ಕಿ. ಇಷ್ಟು ಜನ ಒಂದೇ ಅಂಗಳ ಹಂಚಿಕೊಂಡ ಮೇಲೆ ಜಗಳವಾಗದೆ ಇರುತ್ತದೆಯೇ?

ವಕೀಲರಾಗಲು ಅಲ್ಲಿ ನಾಲ್ಕು ವರ್ಷದ ಪದವಿಯ ನಂತರ ಮೂರು ವರ್ಷ ಕಾನೂನು ಓದಿ, ಆಯಾ ರಾಜ್ಯದ ಬಾರ್ ಪರೀಕ್ಷೆ ಪಾಸು ಮಾಡಬೇಕು. ಈ ಸಂಘಗಳ ಕಾನೂನನ್ನು ಬಹುಪಾಲು ಕೆಲಸ ಮಾಡುತ್ತಲೇ ಕಲಿಯುವುದು. ಆಸ್ತಿ, ಕರಾರು, ಕಂಪೆನಿ ಕಾನೂನು ಮೂರೂ ಗೊತ್ತಿರಬೇಕು, ಜೊತೆಗೆ ಮನುಷ್ಯರ ಸ್ವಭಾವವೂ. ಪರಿಣತರಿಗೆಂದೇ 1993ರಿಂದ ಒಂದು ಪ್ರತ್ಯೇಕ ಕೂಟವೂ ಇದೆ. ಇಷ್ಟಾದರೂ ದಿನದಿನದ ಕೆಲಸವೇನೂ ಸಿನಿಮಾದ ವಕೀಲಿಕೆಯಂತಲ್ಲ. ಸಂಘದ ಪದಾಧಿಕಾರಿಗಳೆಲ್ಲ ಹಗಲು ತಮ್ಮ ತಮ್ಮ ನೌಕರಿಯಲ್ಲಿರುವವರು, ಸಂಬಳವಿಲ್ಲದೆ ಸಂಘ ನಡೆಸುವವರು. ಆದ್ದರಿಂದ ಸಭೆಗಳೆಲ್ಲ ರಾತ್ರಿ ಊಟದ ಹೊತ್ತಿಗೇ. ವಕೀಲೆ ಮನೆ ಸೇರುವಾಗ ಮಕ್ಕಳು ಮಲಗಿರುತ್ತವೆ. ಉಳಿದ ಹೊತ್ತು ಬಾಕಿ ವಸೂಲಿಯ ಪತ್ರ ಬರೆಯುವುದು, ಹಳೆಯ ನಿಯಮ ತಿದ್ದುವುದು, ಗುತ್ತಿಗೆದಾರನ ಕರಾರು ನೋಡುವುದು.

ಇನ್ನು ಕೇಸುಗಳಿಗೆ ಬರೋಣ, ಸ್ವಾರಸ್ಯವಿರುವುದೇ ಅಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬಾಕೆ ತನ್ನ ಮೂರು ಬೆಕ್ಕುಗಳೊಡನೆ ದೊಡ್ಡ ವಸತಿ ಸಮುಚ್ಚಯವೊಂದಕ್ಕೆ ಬಂದಳು. ಬೆಕ್ಕುಗಳು ಹೊರಗೆ ಕಾಲಿಡುತ್ತಲೇ ಇರಲಿಲ್ಲವಂತೆ. ಆದರೂ ನಿಯಮದಲ್ಲಿ ಬೆಕ್ಕು ನಾಯಿ ಕೂಡದೆಂದಿತ್ತು. ಸಂಘ ದಂಡ ಹಾಕಿತು, ಈಕೆ ಕೋರ್ಟಿಗೆ ಹೋದಳು. 1994ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಸಂಘದ ಪರವಾಗಿಯೇ ತೀರ್ಪು ಕೊಟ್ಟಿತು. ಮೊದಲೇ ದಾಖಲಾದ ನಿಯಮವನ್ನು, ಅದು ತೀರಾ ಅನ್ಯಾಯವಲ್ಲದಿದ್ದರೆ, ಎಲ್ಲರೂ ಪಾಲಿಸಬೇಕು ಎಂದಿತು. ಮುಂದೆ ಅಲ್ಲಿನ ಶಾಸನಸಭೆ, ಹೊಸದಾಗಿ ಬರೆಯುವ ನಿಯಮಗಳಲ್ಲಿ ಒಂದು ಸಾಕುಪ್ರಾಣಿಗಾದರೂ ಅವಕಾಶವಿರಲೇಬೇಕೆಂದು ಕಾನೂನು ಮಾಡಿತು. ಮೂರು ಬೆಕ್ಕಿನ ಜಗಳ ಒಂದು ಬೆಕ್ಕಿಗೆ ಇಳಿಯಿತು ಅನ್ನಿ!

ಬಟ್ಟೆಯ ಹಗ್ಗಕ್ಕೂ ಕಾನೂನು ಬಂದಿದೆ. ಫ್ಲಾರಿಡಾದಲ್ಲಿ ಸಂಘಗಳು ಅದನ್ನು ನಿಷೇಧಿಸುವಂತಿಲ್ಲ, ಕ್ಯಾಲಿಫೋರ್ನಿಯಾದಲ್ಲಿ 2015ರಲ್ಲಿ ಹಿತ್ತಿಲಿನ ಹಗ್ಗಕ್ಕೆ ರಕ್ಷಣೆ ಸಿಕ್ಕಿತು. ಬಿಸಿಲಿಗೂ ಶಾಸನ ಬೇಕಾದ ಕಾಲ ನೋಡಿ.

ನನ್ನ ಮನಸ್ಸಿಗೆ ನಾಟಿದ್ದು ಬಾಗಿಲಿನ ಕೇಸು. ನಾವು ಬಾಗಿಲಿಗೆ ಮಾವಿನ ತೋರಣ ಕಟ್ಟುವಂತೆ ಯಹೂದಿಗಳು ಬಾಗಿಲ ಚೌಕಟ್ಟಿಗೆ ಮೆಜೂಜಾ ಎಂಬ ಪುಟ್ಟ ಕರಡಿಗೆಯನ್ನು ಹಚ್ಚುತ್ತಾರೆ, ಒಳಗೆ ಅವರ ಧರ್ಮಗ್ರಂಥದ ಸಾಲುಗಳಿರುತ್ತವೆ. ಶಿಕಾಗೋದ ಒಂದು ಎತ್ತರದ ಕಟ್ಟಡದಲ್ಲಿ ಓಣಿಯ ಬಾಗಿಲುಗಳಿಗೆ ಏನನ್ನೂ ಹಚ್ಚಬಾರದೆಂಬ ನಿಯಮ ಹಿಡಿದು, ಅದನ್ನು ಕಿತ್ತು ಹಾಕಿದರು. ಯಜಮಾನರು ತೀರಿಕೊಂಡ ಶೋಕದ ದಿನಗಳಲ್ಲೂ ತೆಗೆದರೆಂಬುದು ಆ ಮನೆಯವರ ದೂರು. 2009ರಲ್ಲಿ ಮೇಲಿನ ನ್ಯಾಯಾಲಯ, ಬೇಕೆಂದೇ ಭೇದ ಮಾಡಿದರೋ ಇಲ್ಲವೋ ವಿಚಾರಣೆ ನಡೆಯಲಿ ಎಂದಿತು. ಆ ಹೊತ್ತಿಗಾಗಲೇ ನಗರವೂ ರಾಜ್ಯವೂ ತಮ್ಮ ಕಾನೂನು ತಿದ್ದಿಕೊಂಡಿದ್ದವು.

ಟೆಕ್ಸಾಸಿನಲ್ಲಿ 2011ರಲ್ಲಿ ಬಾಗಿಲಿಗೆ ಧಾರ್ಮಿಕ ವಸ್ತು ಹಚ್ಚಲು ಅವಕಾಶ ಸಿಕ್ಕಿತಾದರೂ, ಎಲ್ಲ ಸೇರಿ 25 ಚದರ ಅಂಗುಲ ಮೀರಬಾರದಿತ್ತು. ಅಂದರೆ ಅಂಗೈಯಗಲ! ಐದೆಲೆಯ ತೋರಣ ಅದರಲ್ಲಿ ಎಲ್ಲಿ ಹಿಡಿದೀತು? 2021ರಲ್ಲಿ ಆ ಅಳತೆಯನ್ನು ತೆಗೆದುಹಾಕಿದರು. ಅಕ್ಕನ ಮಗಳ ಮನೆಯ ತೋರಣ ಈಗ ಪೂರ್ತಿ ಬಾಗಿಲಗಲ ಇದೆಯಂತೆ, ಪ್ಲಾಸ್ಟಿಕ್ಕಿನದಾದರೂ.

ನಗೆಯ ಮಾತು ಇಷ್ಟಕ್ಕೇ ಸಾಕು. ವಂತಿಗೆ ಬಾಕಿಯಾದರೆ ಹಲವು ರಾಜ್ಯಗಳಲ್ಲಿ ಸಂಘವು ಮನೆಯನ್ನೇ ಹರಾಜಿಗೆ ಹಾಕಿಸಬಹುದು. ಟೆಕ್ಸಾಸಿನಲ್ಲಿ ಸೈನಿಕನೊಬ್ಬನ ಮನೆ ಸಾವಿರ ಡಾಲರಿಗೂ ಕಡಿಮೆ ಬಾಕಿಗೆ ಹರಾಜಾದದ್ದು 2010ರಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷವೇ, ಇಂಥ ಹರಾಜಿಗೆ ಮೊದಲು ಕೋರ್ಟಿನ ಆದೇಶ ಬೇಕೆಂದು ಅಲ್ಲಿ ಕಾನೂನಾಯಿತು. ಕ್ಯಾಲಿಫೋರ್ನಿಯಾದಲ್ಲಿ ಬಾಕಿ 1800 ಡಾಲರ್ ಮುಟ್ಟುವವರೆಗೆ, ಇಲ್ಲವೇ ಒಂದು ವರ್ಷ ಕಳೆಯುವವರೆಗೆ ಮನೆ ಮುಟ್ಟುವಂತಿಲ್ಲ. ಸಾಲದ ಕಂತು ತಪ್ಪದೆ ಕಟ್ಟುತ್ತಿದ್ದೇವಲ್ಲ ಎಂದು ನಿಶ್ಚಿಂತೆಯಾಗಿರುವ ಮಕ್ಕಳಿಗೆ ಇದನ್ನು ಹೇಳಲೇಬೇಕು. ವಂತಿಗೆಯ ಲೆಕ್ಕವೇ ಬೇರೆ.

ಹಾಗೆಂದು ಸಂಘಗಳೆಲ್ಲ ಕ್ರೂರಿಗಳು, ಅವುಗಳ ವಕೀಲರು ಹರಾಜಿನ ಜನ ಎಂದುಕೊಳ್ಳಬೇಡಿ. ಫ್ಲಾರಿಡಾದ ಸರ್ಫ್‌ಸೈಡಿನಲ್ಲಿ 2021ರ ಜೂನ್ 24ರ ನಡುರಾತ್ರಿಯ ನಂತರ 12 ಅಂತಸ್ತಿನ ಕಟ್ಟಡವೊಂದರ ದೊಡ್ಡ ಭಾಗ ಕುಸಿದು 98 ಜನ ಸತ್ತರು. ಈಜುಕೊಳದ ಕೆಳಗಿನ ಕಾಂಕ್ರೀಟು ಹಾಳಾಗಿದೆಯೆಂದು ಎಂಜಿನಿಯರು 2018ರಲ್ಲೇ ಬರೆದುಕೊಟ್ಟಿದ್ದರು. ದುರಸ್ತಿಗೆ ಸುಮಾರು ಒಂದೂವರೆ ಕೋಟಿ ಡಾಲರ್ ಬೇಕಿತ್ತು, ಒಂದೊಂದು ಮನೆಗೆ ಎಂಬತ್ತು ಸಾವಿರ ಡಾಲರಿನಿಂದ ಮೇಲೆ. ಯಾರು ಸುಲಭವಾಗಿ ಒಪ್ಪುತ್ತಾರೆ? ಎಳೆದಾಡಿ 2021ರಲ್ಲಿ ಒಪ್ಪಿಗೆಯಾಗಿ, ಹಣ ಕಟ್ಟುವ ದಿನ ಬರುವ ಮೊದಲೇ ಕಟ್ಟಡ ಬಿತ್ತು. ಮರುವರ್ಷ ಬಂದ ಕಾನೂನಿನಂತೆ, ಮೂರು ಅಂತಸ್ತಿನಿಂದ ಮೇಲಿನ ಹಳೆಯ ಕಟ್ಟಡಗಳ ತಪಾಸಣೆ ಅಲ್ಲಿ ಕಡ್ಡಾಯ, ದುರಸ್ತಿ ನಿಧಿಯೂ ಕಡ್ಡಾಯ. ಈಗ ಅಲ್ಲಿನ ವಕೀಲರು ರಾತ್ರಿಯ ಸಭೆಗಳಲ್ಲಿ ಪಿಂಚಣಿಯ ಮೇಲೆ ಬದುಕುವ ಮುದುಕರ ಎದುರು ನಿಂತು "ಇಷ್ಟು ಕಟ್ಟಲೇಬೇಕು" ಎನ್ನಬೇಕು. ಬೈಸಿಕೊಳ್ಳುವವರೂ ಅವರೇ. ಆದರೆ ಹೇಳುವವರಿಲ್ಲದಿದ್ದರೆ?

ಓದುವ ಹೆಣ್ಣುಮಕ್ಕಳಿರುವ ತಾಯಂದಿರಿಗೆ ಒಂದು ಮಾತು. ಈ ವಿದ್ಯೆ ಅಮೆರಿಕಕ್ಕಷ್ಟೇ ಸೇರಿದ್ದಲ್ಲ. ನಮ್ಮಲ್ಲೂ ಅಪಾರ್ಟ್‌ಮೆಂಟ್ ಒಡೆತನದ 1972ರ ಕಾಯಿದೆ ಇದೆ, 2016ರ ರೇರಾ ಕಾಯಿದೆಯೂ ಬಂದಿದೆ. ಬೆಂಗಳೂರಿನ ಫ್ಲಾಟುಗಳಲ್ಲಿ ನಿರ್ವಹಣಾ ಹಣದ ಜಗಳಕ್ಕೆ ಬರವಿಲ್ಲ. ಪಿಯುಸಿ ಮುಗಿದ ಮೇಲೆ ಐದು ವರ್ಷದ ಕಾನೂನು ಓದಿದರೆ ಈ ದಾರಿ ತೆರೆದೇ ಇದೆ.

ಪರದೇಶದಲ್ಲಿ ಮಕ್ಕಳಿರುವವರು ಇನ್ನೊಂದನ್ನು ನೆನಪಿಡಿ. ಸಂಘದ ವಕೀಲರು ಸಂಘಕ್ಕೆ ಮಾತ್ರ ವಕೀಲರು, ಮನೆಯೊಡೆಯರಿಗಲ್ಲ, ಅಧ್ಯಕ್ಷರಿಗೂ ಅಲ್ಲ. ಎಷ್ಟೇ ನಯವಾಗಿ ಮಾತಾಡಿಸಿದರೂ ಅವರ ಬಳಿ ನಮ್ಮ ಕಷ್ಟವನ್ನೆಲ್ಲ ತೋಡಿಕೊಳ್ಳಬಾರದು. ಪತ್ರ ಬಂದರೆ ಅದನ್ನು ಬೀರುವಿನಲ್ಲಿಡದೆ, ಕೊಟ್ಟ ಗಡುವಿನೊಳಗೆ ಬರಹದಲ್ಲೇ ಉತ್ತರಿಸಿ ಒಂದು ಪ್ರತಿ ಇಟ್ಟುಕೊಳ್ಳಬೇಕು. ಮನೆ ಕೊಳ್ಳುವ ಮುಂಚೆಯೇ ಆ ದಪ್ಪ ಪುಸ್ತಕವನ್ನೂ ಸಂಘದ ದುರಸ್ತಿ ನಿಧಿಯ ಲೆಕ್ಕವನ್ನೂ ಕೇಳಿ ಪಡೆದು ಓದಲು ಹೇಳಿ. ಅಡಿಗೆಮನೆ ಎಷ್ಟು ದೊಡ್ಡದು ಎಂದು ನಾವು ಆಮೇಲೆ ಕೇಳೋಣ.