ದುರ್ಗಮ ದಾರಿಯ ಸಂಚಾರಕ್ಕಾಗಿ ಪಿಕಪ್ ವಾಹನವನ್ನು ಸಜ್ಜುಗೊಳಿಸುವಿಕೆ: ಮಾಲೀಕರು ತಿಳಿದಿರಬೇಕಾದ ಅಂಶಗಳು

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಕಾಫಿ ತೋಟಗಳ ಒಳದಾರಿಗಳು, ಹಳ್ಳ ದಾಟುವ ಮಣ್ಣಿನ ರಸ್ತೆಗಳು ಹಾಗೂ ಕಡಿದಾದ ಏರುಗಳಲ್ಲಿ ನಾಲ್ಕು ಚಕ್ರ ಚಾಲನೆಯ ಜೀಪು ಮತ್ತು ಪಿಕಪ್ ವಾಹನಗಳು ನಿತ್ಯ ಬಳಕೆಯಲ್ಲಿವೆ. ಈಚಿನ ವರ್ಷಗಳಲ್ಲಿ ಇಂತಹ ವಾಹನಗಳಿಗೆ ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್, ಉಕ್ಕಿನ ಬಂಪರ್ ಮುಂತಾದವುಗಳನ್ನು ಅಳವಡಿಸುವ ರೂಢಿ ಹೆಚ್ಚಿದೆ. ಇವುಗಳಲ್ಲಿ ಹಲವು ಕಾನೂನುಬಾಹಿರವಾಗಿದ್ದು, ಚಾಲಕನಿಗೂ ಇತರ ರಸ್ತೆ ಬಳಕೆದಾರರಿಗೂ ಅಪಾಯಕಾರಿಯಾಗಿವೆ. ಆದರೆ ಕೆಸರು ಮತ್ತು ಕಲ್ಲಿನ ದಾರಿಯಲ್ಲಿ ವಾಹನಕ್ಕೆ ನಿಜವಾಗಿ ನೆರವಾಗುವ ಸಾಧನಗಳಲ್ಲಿ ಹೆಚ್ಚಿನವು ವಾಹನದ ರಚನೆಯನ್ನು ಬದಲಾಯಿಸದೆ ಜೊತೆಯಲ್ಲಿ ಒಯ್ಯಬಹುದಾದಂಥವು. ಈ ವ್ಯತ್ಯಾಸವನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಕಾನೂನಿನ ನಿಲುವು

ಮೋಟಾರು ವಾಹನಗಳ ಅಧಿನಿಯಮ 1988ರ ಕಲಂ 52ರಂತೆ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವುದೇ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ನೀಡಿದ ತೀರ್ಪಿನಲ್ಲಿ ಇದೇ ನಿಲುವನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ಮೂಲಕ ಬದಲಿಸಲಾದ ಕಲಂ 182ಎ, ಅನುಮತಿಯಿಲ್ಲದ ಮಾರ್ಪಾಡಿಗಾಗಿ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಇವೆರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ವಾಹನದ ಮುಂಭಾಗಕ್ಕೆ ಅಳವಡಿಸುವ ಬುಲ್ ಬಾರ್ ಅಥವಾ ಕ್ರ್ಯಾಶ್ ಗಾರ್ಡ್‌ಗಳು ಕಲಂ 52ಕ್ಕೆ ವಿರುದ್ಧವೆಂದು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ತಿಳಿಸಿ, ಕ್ರಮ ಜರುಗಿಸುವಂತೆ ಸೂಚಿಸಿತು. ಇಂತಹ ಗಟ್ಟಿ ಚೌಕಟ್ಟು ಪಾದಚಾರಿಗೆ ತಗಲಿದಾಗ ಗಾಯದ ತೀವ್ರತೆ ಹೆಚ್ಚುತ್ತದೆ. ಅಪಘಾತದ ಹೊಡೆತವು ಸಂವೇದಕಗಳನ್ನು ತಲುಪುವ ರೀತಿಯನ್ನೇ ಅದು ಬದಲಾಯಿಸುವುದರಿಂದ, ಏರ್‌ಬ್ಯಾಗ್ ಸಕಾಲದಲ್ಲಿ ತೆರೆಯದಿರುವ ಸಾಧ್ಯತೆಯೂ ಇದೆ.

ಎತ್ತರ ಮತ್ತು ಟೈರುಗಳ ಕುರಿತು

ವಾಹನವನ್ನು ಎತ್ತರಿಸಿದರೆ ನೆಲದಿಂದ ಎಲ್ಲ ಭಾಗಗಳೂ ಮೇಲೇರುತ್ತವೆ ಎಂಬುದು ತಪ್ಪು ಕಲ್ಪನೆ. ಬಹುತೇಕ ಪಿಕಪ್‌ಗಳ ಹಿಂಬದಿಯಲ್ಲಿ ಲೀಫ್ ಸ್ಪ್ರಿಂಗ್‌ಗಳಿಗೆ ಜೋಡಿಸಿದ ಅಖಂಡ ಆಕ್ಸಲ್ ಇರುತ್ತದೆ. ಸ್ಪ್ರಿಂಗ್ ಎತ್ತರಿಸಿದಾಗ ಚಾಸಿ ಮತ್ತು ಬಾಡಿ ಮಾತ್ರ ಮೇಲೇರುತ್ತವೆ; ಮೊದಲು ಕಲ್ಲಿಗೆ ತಗಲುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಟೈರಿನ ವ್ಯಾಸ 5 ಸೆಂ.ಮೀ. ಹೆಚ್ಚಿದರೆ ಆ ಗುಂಡು ಮೇಲೇರುವುದು 2.5 ಸೆಂ.ಮೀ. ಮಾತ್ರ.

ಈ ಅಲ್ಪ ಲಾಭಕ್ಕೆ ತೆರಬೇಕಾದ ಬೆಲೆ ದೊಡ್ಡದು. ಗುರುತ್ವ ಕೇಂದ್ರ ಮೇಲೇರುವುದರಿಂದ ತಿರುವು ಹಾಗೂ ಓರೆ ಇಳಿಜಾರಿನಲ್ಲಿ ವಾಹನ ಮಗುಚುವ ಅಪಾಯ ಹೆಚ್ಚುತ್ತದೆ. ಬ್ರೇಕ್ ಕೊಳವೆಗಳು ಎಳೆತಕ್ಕೆ ಒಳಗಾಗುತ್ತವೆ. ಮುಂದೀಪಗಳ ಬೆಳಕು ಎದುರಿನ ಚಾಲಕನ ಕಣ್ಣಿಗೆ ಬೀಳುತ್ತದೆ. ಟೈರಿನ ವ್ಯಾಸವನ್ನು ಶೇಕಡ 10ರಷ್ಟು ಹೆಚ್ಚಿಸಿದ ವಾಹನದ ಮಾಪಕ 60 ಕಿ.ಮೀ. ತೋರಿಸುವಾಗ ನಿಜವಾದ ವೇಗ 66 ಕಿ.ಮೀ. ಆಗಿರುತ್ತದೆ ಮತ್ತು ಬ್ರೇಕುಗಳ ಮೇಲಿನ ಹೊರೆಯೂ ಹೆಚ್ಚುತ್ತದೆ. ಆದುದರಿಂದ ತಯಾರಕರು ಸೂಚಿಸಿದ ಅಳತೆಯಲ್ಲಿಯೇ ಆಳವಾದ ಕಚ್ಚುಗಳಿರುವ ಟೈರುಗಳನ್ನು ಆಯ್ದುಕೊಳ್ಳುವುದು ಸೂಕ್ತ.

ಹೊರೆಯ ಲೆಕ್ಕ

ಅಳವಡಿಸುವ ಪ್ರತಿಯೊಂದು ಸಾಧನದ ತೂಕವೂ ವಾಹನದ ಸಾಗಣೆ ಸಾಮರ್ಥ್ಯದಿಂದ ಕಳೆಯಲ್ಪಡುತ್ತದೆ. ಉದಾಹರಣೆಗೆ, 150 ಕಿ.ಗ್ರಾಂ. ತೂಕದ ಸಾಧನಗಳನ್ನು ಹೊತ್ತ ಪಿಕಪ್‌ನಲ್ಲಿ ಹೇರಬಹುದಾದ ಸರಕು ಅಷ್ಟೇ ಕಡಿಮೆಯಾಗುತ್ತದೆ. ಭಾರವಾದ ವಸ್ತುಗಳನ್ನು ಚಾವಣಿಯ ಮೇಲಿಡದೆ, ಸರಕಿನ ತೊಟ್ಟಿಯ ತಳದಲ್ಲಿ, ಆಕ್ಸಲ್‌ಗೆ ಸಮೀಪವಾಗಿ ಬಿಗಿದು ಕಟ್ಟತಕ್ಕದ್ದು. ಆಸನ ಹಾಗೂ ಸೀಟ್ ಬೆಲ್ಟ್ ಇಲ್ಲದ ಈ ತೊಟ್ಟಿಯಲ್ಲಿ ತೋಟದ ಕಾರ್ಮಿಕರನ್ನು ಸಾಗಿಸಬಾರದು. ವಾಹನ ಮಗುಚಿದಲ್ಲಿ ಮೊದಲು ಹೊರಗೆ ಎಸೆಯಲ್ಪಡುವವರು ಅವರೇ ಆಗಿರುತ್ತಾರೆ.

ರಚನೆ ಬದಲಾಯಿಸದೆ ಒದಗಿಸಿಕೊಳ್ಳಬಹುದಾದ ಸಾಧನಗಳು

1. ಗಾಳಿ ಮಾಪಕ ಮತ್ತು 12 ವೋಲ್ಟ್ ಕಂಪ್ರೆಸರ್: ಟೈರಿನ ಗಾಳಿಯನ್ನು ತಗ್ಗಿಸಿದಾಗ ಅದು ನೆಲದ ಮೇಲೆ ಹೆಚ್ಚು ಉದ್ದಕ್ಕೆ ಹರಡಿ ಹಿಡಿತ ಒದಗಿಸುತ್ತದೆ. ರಸ್ತೆಯಲ್ಲಿ 35 ಪಿಎಸ್‌ಐ ಇರುವ ಟೈರನ್ನು ಕಲ್ಲು-ಮಣ್ಣಿನ ದಾರಿಯಲ್ಲಿ ಸುಮಾರು 25 ಪಿಎಸ್‌ಐಗೆ ಇಳಿಸಬಹುದು. ಹೊರೆ ಹೆಚ್ಚಿದ್ದಲ್ಲಿ ಇಷ್ಟು ಇಳಿಸಬಾರದು. ವೇಗವನ್ನು ಕಡಿಮೆ ಇರಿಸಿ, ಡಾಂಬರು ರಸ್ತೆಗೆ ಮರಳುವ ಮುನ್ನ ಗಾಳಿಯನ್ನು ಮೊದಲಿನಂತೆ ತುಂಬತಕ್ಕದ್ದು.

2. ಟೈರಿನ ಚೈನು: ಮಲೆನಾಡಿನಲ್ಲಿ ಮಳೆಗಾಲದಲ್ಲಿ ರೂಢಿಯಲ್ಲಿರುವ ಈ ಸಾಧನ ಜಾರುವ ಏರಿನಲ್ಲಿ ಬಹು ಉಪಯುಕ್ತ. ಡಾಂಬರು ರಸ್ತೆಯಲ್ಲಿ ಇದನ್ನು ಬಿಚ್ಚತಕ್ಕದ್ದು.

3. ಸಲಿಕೆ, ಅಗಲವಾದ ಹಲಗೆ ಮತ್ತು ಜಾಕ್: ಮೆತ್ತನೆಯ ನೆಲದಲ್ಲಿ ಜಾಕ್ ಹೂತುಹೋಗದಂತೆ ಅದರ ಕೆಳಗೆ ಹಲಗೆ ಇಡಬೇಕು.

4. ಎಳೆಯುವ ಪಟ್ಟಿ ಮತ್ತು ಶ್ಯಾಕಲ್: ಸಾಮರ್ಥ್ಯ ನಮೂದಿಸಿದವುಗಳನ್ನೇ ಬಳಸತಕ್ಕದ್ದು. ಟ್ರೈಲರ್ ಜೋಡಿಸುವ ಗುಂಡಿಗೆ ಪಟ್ಟಿ ಸಿಕ್ಕಿಸಿ, ಹೂತ ವಾಹನವನ್ನು ಎಳೆಯಬಾರದು. ಗುಂಡು ಮುರಿದರೆ ಗುಂಡಿನೇಟಿನಂತೆ ಚಿಮ್ಮಿ ಪ್ರಾಣಹಾನಿ ಉಂಟುಮಾಡಬಲ್ಲದು. ಎಳೆಯುವಾಗ ಸುತ್ತಲಿನವರು ಪಟ್ಟಿಯ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲಬೇಕು.

5. ಕೈಯಿಂದ ನಡೆಸುವ ವಿಂಚ್: ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಸಾಮರ್ಥ್ಯವಿರಬೇಕೆಂಬುದು ಸಾಮಾನ್ಯ ಲೆಕ್ಕ, 2,800 ಕಿ.ಗ್ರಾಂ. ವಾಹನಕ್ಕೆ 4,200 ಕಿ.ಗ್ರಾಂ. ಬೇಕಾಗುತ್ತದೆ. ವಾಹನಕ್ಕೆ ಬಿಗಿದ ಚಲಿಸುವ ರಾಟೆಯ ಮೂಲಕ ಹಗ್ಗವನ್ನು ಹಾಯಿಸಿದಲ್ಲಿ ಎಳೆತ ಸುಮಾರು ಎರಡು ಪಟ್ಟಾಗಿ, ವೇಗ ಅರ್ಧವಾಗುತ್ತದೆ. ವಿದ್ಯುತ್ ವಿಂಚನ್ನು ಬಂಪರ್ ಬದಲಾಯಿಸಿ ಕಾಯಂ ಆಗಿ ಅಳವಡಿಸುವ ಮುನ್ನ ನೋಂದಣಿ ಪ್ರಾಧಿಕಾರವನ್ನು ವಿಚಾರಿಸತಕ್ಕದ್ದು.

ಚಾಲನೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಬೇಕಾದಾಗ ಮಾತ್ರ ತೊಡಗಿಸುವ ನಾಲ್ಕು ಚಕ್ರ ಚಾಲನೆಯನ್ನು ಒಣ ಡಾಂಬರಿನ ಮೇಲೆ ಬಳಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸುವುದರಿಂದ ಗೇರುಗಳು ಬಿಗಿದುಕೊಂಡು ಹಾಳಾಗುತ್ತವೆ. ಹಳ್ಳ ದಾಟುವ ಮುನ್ನ ಆಳವನ್ನು ಕೋಲಿನಿಂದ ಅಳೆದು, ತಯಾರಕರು ಸೂಚಿಸಿದ ಮಿತಿಯೊಳಗಿದ್ದಲ್ಲಿ ಮಾತ್ರ ಮುಂದುವರಿಯಬೇಕು. ನೀರಿನ ಸೆಳೆತ ಹೆಚ್ಚಿದ್ದಲ್ಲಿ ಇಳಿಯಲೇಬಾರದು. ಗಾಳಿ ಸೇದುವ ಕೊಳವೆಯನ್ನು ಎತ್ತರಿಸಿದ ಮಾತ್ರಕ್ಕೆ ವಾಹನದ ಇತರ ಭಾಗಗಳಿಗೆ ನೀರಿನಿಂದ ರಕ್ಷಣೆ ದೊರೆಯುವುದಿಲ್ಲ. ಎಂಜಿನ್ ನೀರು ಸೇದಿ ನಿಂತಲ್ಲಿ ಅದನ್ನು ಮತ್ತೆ ಚಾಲೂ ಮಾಡಬಾರದು.

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ 1972ರ ಕಲಂ 27 ಅಭಯಾರಣ್ಯ ಪ್ರವೇಶವನ್ನು ನಿರ್ಬಂಧಿಸುತ್ತದೆ. ಅನುಮತಿಯಿಲ್ಲದೆ ಅರಣ್ಯದ ದಾರಿ, ಹುಲ್ಲುಗಾವಲು ಅಥವಾ ಹೊಳೆಯ ಪಾತ್ರದಲ್ಲಿ ವಾಹನ ಓಡಿಸಬಾರದು.

ವಾಹನಕ್ಕೆ ಯಾವುದೇ ಬದಲಾವಣೆ ಮಾಡುವ ಮೊದಲು ಮಾಲೀಕರು ನೋಂದಣಿ ಪ್ರಮಾಣ ಪತ್ರದೊಂದಿಗೆ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ, ವಿಮಾ ಸಂಸ್ಥೆಗೂ ಲಿಖಿತವಾಗಿ ತಿಳಿಸುವುದು ಅವಶ್ಯಕ. ತಿಳಿಸದೆ ಮಾಡಿದ ಮಾರ್ಪಾಡಿನಿಂದಾಗಿ ಅಪಘಾತದ ನಂತರ ಪರಿಹಾರಕ್ಕೆ ಅಡ್ಡಿಯುಂಟಾದಲ್ಲಿ, ಅದರ ಹೊರೆ ಮಾಲೀಕರ ಕುಟುಂಬದ ಮೇಲೆಯೇ ಬೀಳುತ್ತದೆ.