ಘಾಟಿ ಹತ್ತುವ ಪಿಕಪ್‌ಗೆ ಯಾವ ಟರ್ಬೊ?

ಬೆಳಗಿನ ಜಾವ ಮಲ್ಪೆಯಲ್ಲಿ ಬೂತಾಯಿ, ಬಂಗುಡೆ ಲೋಡ್ ಮಾಡಿ, ಕುಂದಾಪುರ, ಸಿದ್ದಾಪುರ ದಾಟಿ ಹೊಸಂಗಡಿ ಮುಟ್ಟುವವರೆಗೆ ಗಾಡಿ ಚೆನ್ನಾಗಿಯೇ ಇರುತ್ತದೆ. ಸಮಸ್ಯೆ ಶುರುವಾಗುವುದು ಅಲ್ಲಿಂದ ಮೇಲೆ. ಬಾಳೆಬರೆ ಅನ್ನಿ, ಹುಲಿಕಲ್ ಅನ್ನಿ, ಘಾಟಿ ಒಂದೇ. ಎರಡನೇ ಗೇರಿನಿಂದ ಮೇಲೆ ಹೋಗಲ್ಲ, ಹಿಂದೆ ಕರಿಹೊಗೆ, ಬೆನ್ನಿಗೆ ಬಸ್ಸಿನವನ ಹಾರ್ನ್. ಹೊಸನಗರದ ಪೇಟೆಯಲ್ಲಿ ಎಂಟು ಗಂಟೆಯ ಬಂಗುಡೆಗೂ ಹತ್ತೂವರೆಯ ಬಂಗುಡೆಗೂ ದರ ಒಂದೇ ಅಲ್ಲ ಎಂಬುದು ಮೀನಿನ ಮನೆಯವರಿಗೆ ಹೇಳಿ ತಿಳಿಸಬೇಕಾದ ಮಾತಲ್ಲ.

ನಮ್ಮ ಕುಟುಂಬದ ಒಬ್ಬ ಹಿರಿಯರ ಪಿಕಪ್‌ಗೂ ಇದೇ ಕಾಯಿಲೆ ಬಂದಿತ್ತು. ಅಳಿಯ ಮೊಬೈಲ್ ಹಿಡಿದುಕೊಂಡು ಬಂದ: “ಮಾಮಾ, ದೊಡ್ಡ ಟರ್ಬೊ ಹಾಕ್ಸುವ. ಜೊತೆಗೆ ಚಿಪ್ಪು ಟ್ಯೂನಿಂಗ್. ಮೂರನೇ ಗೇರಲ್ಲೇ ಘಾಟಿ ಹತ್ತುತ್ತೆ.” ಖರ್ಚಿನ ಲೆಕ್ಕ ಹಾಕಿದಾಗ ಮನೆಯಲ್ಲಿ ಎರಡು ಬಳೆ ಮಾರುವ ಮಾತು ಬಂತು. ಬಳೆ ಯಾರದ್ದೋ ಅವರು ಅಡುಗೆಮನೆಯಿಂದಲೇ ಕೇಳಿದರು, “ಅದು ಹಾಕಿದ್ರೆ ಹತ್ತುತ್ತೆ ಅಂತ ಯಾರು ಹೇಳಿದ್ದು?” ಆ ಪ್ರಶ್ನೆಯ ಉತ್ತರ ಹುಡುಕಿಕೊಂಡು ಹೋದ ಕತೆ ಇದು.

ಟರ್ಬೊ ಎಂದರೆ ಪವಾಡದ ಸಾಮಾನಲ್ಲ. ಎಂಜಿನ್ ಹೊರಹಾಕುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಎಂಬ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಘಾಟಿಯವರಿಗೆ ಇದರಿಂದ ಇನ್ನೊಂದು ಉಪಕಾರವೂ ಇದೆ: ಸುಮಾರು 640 ಮೀಟರ್ ಎತ್ತರದ ಆಗುಂಬೆಯಲ್ಲಿ ಗಾಳಿಯ ಒತ್ತಡ ಮಲ್ಪೆಗಿಂತ ನೂರಕ್ಕೆ ಏಳರಷ್ಟು ಕಡಿಮೆ. ಟರ್ಬೊ ಇಲ್ಲದ ಹಳೇ ಡೀಸೆಲ್ ಗಾಡಿ ಅಲ್ಲಿ ಏದುಸಿರು ಬಿಡುವುದಕ್ಕೆ ಅದೂ ಒಂದು ಕಾರಣ. ಟರ್ಬೊ ಆ ಕೊರತೆಯನ್ನು ತುಂಬುತ್ತದೆ.

ಹಾಗಾದರೆ ದೊಡ್ಡದು ಹಾಕಿದರೆ ಹೆಚ್ಚು ಒಳ್ಳೇದಲ್ಲವೇ? ಅಲ್ಲ. ಚಕ್ರ ದೊಡ್ಡದಾದಷ್ಟೂ ಅದನ್ನು ತಿರುಗಿಸಲು ಹೊಗೆ ಹೆಚ್ಚು ಬೇಕು, ಎಂಜಿನ್ ಜೋರಾಗಿ ಓಡುತ್ತಿರಬೇಕು. ಹೆದ್ದಾರಿಯಲ್ಲಿ ಸರಿ. ಆದರೆ ಹುಲಿಕಲ್‌ನ ತಿರುವಿನಲ್ಲಿ ಗಾಡಿ ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ, ಎಂಜಿನ್ 1500 ಸುತ್ತಿನ ಆಸುಪಾಸು. ನಮಗೆ ಎಳೆತ ಬೇಕಾದದ್ದೇ ಅಲ್ಲಿ. ದೊಡ್ಡ ಟರ್ಬೊ ಆಗ ನಿದ್ದೆಯಲ್ಲಿರುತ್ತದೆ. ನಮ್ಮ ಕಡೆ ಹೆಚ್ಚು ಕಾಣುವ ಎರಡೂವರೆ ಲೀಟರ್ ಎಂಜಿನ್ನಿನ ಬೊಲೆರೊ ಪಿಕಪ್‌ಗಳಲ್ಲಿ ಕಂಪನಿಯವರು ಪೂರ್ತಿ ಎಳೆತ 1400ರಿಂದ 2200 ಸುತ್ತಿನೊಳಗೆ ಸಿಗುವಂತೆ ಟರ್ಬೊ ಕೂರಿಸಿದ್ದಾರೆ. ಘಾಟಿಗೆ ಬೇಕಾದದ್ದು ಇದೇ. ಅಳಿಯ ತರಬೇಕೆಂದಿದ್ದ ಟರ್ಬೊ ಇದ್ದದ್ದನ್ನೂ ಕಳೆಯುತ್ತಿತ್ತು.

ಇನ್ನೊಂದು ಮಾತು. ಟರ್ಬೊ ಕೊಡುವುದು ಗಾಳಿ ಮಾತ್ರ. ಶಕ್ತಿ ಬರುವುದು ಡೀಸೆಲಿನಿಂದ. ಚಿಪ್ಪು ಹಾಕಿ ಡೀಸೆಲ್ ಹೆಚ್ಚಿಸಿದರೆ ಎಳೆತ ಬರುತ್ತದೆ, ನಿಜ. ಬಿಸಿಯೂ ಏರುತ್ತದೆ. ಲೋಡ್ ಹೊತ್ತು ಇಪ್ಪತ್ತು ನಿಮಿಷ ಏರು ಹತ್ತುವಾಗ ಆ ಬಿಸಿ ಪಿಸ್ಟನ್ನಿಗೂ ಹೆಡ್ ಗ್ಯಾಸ್ಕೆಟ್‌ಗೂ ಹೋಗುತ್ತದೆ. ಕ್ಲಚ್ ಪ್ಲೇಟು, ಗೇರ್‌ಬಾಕ್ಸ್ ಹಳೆಯವೇ. ಬ್ರೇಕೂ ಹಳೆಯದೇ. ಹತ್ತಿದ ಗಾಡಿ ಮಧ್ಯಾಹ್ನ ಅಡಿಕೆ ಮೂಟೆ ಹೇರಿಕೊಂಡು ಅದೇ ಘಾಟಿ ಇಳಿಯಬೇಕಲ್ಲ!

ಸಾಗರ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ ಗಾಡಿ ನೋಡಿ ಕೇಳಿದ ಮೊದಲ ಮಾತು, “ಏರ್ ಫಿಲ್ಟರ್ ಯಾವಾಗ ಬದಲಾಯಿಸಿದ್ದು ಸಾಹೇಬ್ರೆ?” ಯಾರಿಗೂ ನೆನಪಿರಲಿಲ್ಲ. ಬಿಚ್ಚಿದರೆ ಬೇಸಿಗೆಯ ಕೆಂಪು ಧೂಳು, ಅದರ ಮೇಲೆ ಮಳೆಗಾಲದ ತೇವ ಸೇರಿ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಆಮೇಲೆ ಇಂಟರ್‌ಕೂಲರಿನ ರಬ್ಬರ್ ಹೋಸ್‌ಗೆ ಸೋಪುನೀರು ಹಚ್ಚಿ ಗಾಳಿ ಬಿಟ್ಟರು. ಕ್ಲಿಪ್ಪಿನ ಹತ್ತಿರ ಗುಳ್ಳೆ ಎದ್ದಿತು. ಟರ್ಬೊ ಒತ್ತಿದ ಗಾಳಿ ಅರ್ಧ ಅಲ್ಲೇ ಸೋರುತ್ತಿತ್ತು. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯದೆ ಕರಿಹೊಗೆ. “ಟರ್ಬೊ ಸರಿ ಇದೆ ಮಾರಾಯ್ರೆ, ಅದಕ್ಕೆ ಉಸಿರೇ ಇಲ್ಲ,” ಅಂದರು.

ಟರ್ಬೊವನ್ನೂ ನೋಡಿದರು. ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿದಾಗ ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜವಂತೆ. ಹಿಂದೆ ಮುಂದೆ ಆಡಿದರೆ, ರೆಕ್ಕೆ ಗೋಡೆಗೆ ತಾಗಿದ ಗೆರೆ ಇದ್ದರೆ, ಅಥವಾ ನೀಲಿ ಹೊಗೆಯ ಜೊತೆ ಎಂಜಿನ್ ಆಯಿಲ್ ಖಾಲಿಯಾಗುತ್ತಿದ್ದರೆ ಬದಲಾಯಿಸಲೇಬೇಕು. ಆಗಲೂ ಅದೇ ಪಾರ್ಟ್ ನಂಬರಿನದ್ದೇ ಬೇಕು. ಹೊರಗಿನ ಚಿಪ್ಪು ಚೆನ್ನಾಗಿದ್ದರೆ ಒಳಗಿನ ಕಾರ್ಟ್ರಿಜ್ ಮಾತ್ರ ಹಾಕಿಸಬಹುದು, ಹಣ ಉಳಿಯುತ್ತದೆ. ಆದರೆ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೇಲೆ ಸುತ್ತುವ ಸಾಮಾನು. ಮೆಷಿನ್ನಿನಲ್ಲಿ ಬ್ಯಾಲೆನ್ಸ್ ಮಾಡದೆ ಕೂರಿಸಿದರೆ ತಿಂಗಳೊಳಗೆ ಸೈರನ್ ಹಾಕತೊಡಗುತ್ತದೆ. ಬಿಲ್ಲು, ವಾರಂಟಿ ಇಲ್ಲದೆ ಅರ್ಧ ಬೆಲೆಗೆ ಸಿಗುವುದನ್ನು ಮುಟ್ಟಬೇಡಿ. ಹೊಸದು ಹಾಕುವ ಮೊದಲು ಹಳೆಯದು ಹೋದದ್ದು ಏಕೆಂದು ನೋಡಿಸಿ. ಆಯಿಲ್ ಪೈಪು ಕಟ್ಟಿದ್ದರೆ ಹೊಸದೂ ಹೋಗುತ್ತದೆ.

ಕಾನೂನಿನ ಮಾತನ್ನು ಅಳಿಯ ಕೇಳಿಸಿಕೊಳ್ಳಲಿಲ್ಲ, ಮಾಮ ಕೇಳಿಸಿಕೊಂಡರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಭಾಗ ಕೂರಿಸಿದ ಮಾಲಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ದಂಡ ಬಿಡಿ, ಕಟ್ಟಬಹುದು. ಘಾಟಿಯಲ್ಲಿ ಏನಾದರೂ ಆಗಿ ವಿಮೆಯವರು ಎಂಜಿನ್ ಬದಲಾಯಿಸಿದ್ದನ್ನು ಹಿಡಿದುಕೊಂಡರೆ ಮನೆಯವರು ಕೋರ್ಟು ಅಲೆಯಬೇಕು. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಾದರೆ ಹೊಗೆಯ ಫಿಲ್ಟರು, ಸೆನ್ಸರು ಎಲ್ಲ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಅದಕ್ಕೆ ಕೈ ಹಾಕುವ ಯೋಚನೆಯೇ ಬೇಡ.

ಕೊನೆಗೆ ಹೋಸು, ಕ್ಲಿಪ್ಪು, ಫಿಲ್ಟರು, ಆಯಿಲು ಇಷ್ಟೇ ಬದಲಾಯಿಸಿದ್ದು. ಕ್ರೇಟ್ ಲೆಕ್ಕದಲ್ಲೂ ಸ್ವಲ್ಪ ಕಡಿಮೆ ಮಾಡಿಸಿದರು. ಅಳಿಯನಿಗೆ ಬೇಸರವೇ ಆಯಿತು. ಮೆಕ್ಯಾನಿಕ್ ಅವನಿಗೊಂದು ಕೆಲಸ ಒಪ್ಪಿಸಿ ಕಳಿಸಿದರು: ಘಾಟಿ ಹತ್ತಿ ಮಾಸ್ತಿಕಟ್ಟೆಯಲ್ಲಿ ಚಹಾಕ್ಕೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸಬಾರದು, ಎರಡು ನಿಮಿಷ ಎಂಜಿನ್ ಸುಮ್ಮನೆ ಓಡಬೇಕು. ತಕ್ಷಣ ಆಫ್ ಮಾಡಿದರೆ ಆಯಿಲ್ ಹರಿಯುವುದು ನಿಂತು, ಕಾದ ಶಾಫ್ಟಿನ ಮೇಲೆ ಇದ್ದ ಆಯಿಲ್ ಕರಕಲಾಗುತ್ತದೆ.

ಈಗ ಗಾಡಿ ಎಂಟೂಕಾಲಿಗೆ ಹೊಸನಗರದಲ್ಲಿರುತ್ತದೆ. ಮೂರನೇ ಗೇರಲ್ಲಿ ಘಾಟಿ ಹತ್ತುವುದಿಲ್ಲ, ಎರಡನೆಯದರಲ್ಲೇ. ಬಳೆ ಕೈಯಲ್ಲೇ ಇದೆ.